ಭುಜದ ಮೇಲಿನ ಕೈ

ಹೊರಗೆ ಊಟಕ್ಕೆ ಹೋಗುವುದೆಂದರೆ ಅಜ್ಜಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮನೆಯಲ್ಲಿ ಒಲೆ ಇಟ್ಟುಕೊಂಡು ಊರವರ ಒಲೆಯ ಮುಂದೆ ಸಾಲು ನಿಲ್ಲುವುದು ಯಾವ ಸೀಮೆಯ ಸಂಭ್ರಮ ಎಂದು ಕೇಳುವವಳು ಅವಳು. ಆ ವರ್ಷ ಮಾತ್ರ ಬಾಯಿ ಬಿಡಲಿಲ್ಲ. ವರ್ಷದ ಕೊನೆಯ ಭಾನುವಾರ ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂತು ಉಣ್ಣಬೇಕೆಂಬುದು ಅವಳ ಗಂಡ ಹಾಕಿಕೊಟ್ಟ ಪದ್ಧತಿ. ಅವರು ಹೋದ ಚಳಿಗಾಲದ ಕೊನೆಯಲ್ಲಿ ತೀರಿಕೊಂಡರು. ಬಾಡಿಗೆಯ ಕೋಣೆಗಳನ್ನು ಖಾಲಿ ಮಾಡಿ ಅಜ್ಜಿ ಮಗನ ಮನೆ ಸೇರಿದಳು. ಸೊಸೆಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ, ಪಾಳಿ ಮುಗಿಸಿ ಬಂದಾಗ ನಿಲ್ಲುವ ತ್ರಾಣವಿರುತ್ತಿರಲಿಲ್ಲ. "ಈ ಸಲ ಹೊರಗೇ ಹೋಗೋಣ ಅತ್ತೆ, ನನ್ನ ಸೊಂಟ ನನ್ನ ಮಾತು ಕೇಳ್ತಿಲ್ಲ" ಎಂದಳು. ನ್ಯಾಯವಾದ ಮಾತಿಗೆ ಎದುರಾಡುವುದು ಅಜ್ಜಿಯ ಸ್ವಭಾವವಲ್ಲ.

ಹೋದದ್ದು ನಾಲ್ಕು ಜನ: ಅಜ್ಜಿ, ಮಗ, ಸೊಸೆ, ಜೊತೆಗೆ ಅಜ್ಜಿಯ ಮೈದುನ. ಮೈದುನ ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಊಟದ ಮಾತೆತ್ತಿದರೆ ಅವನ ಕಿವಿ ನೆಟ್ಟಗಾಗುತ್ತಿತ್ತು. ಬೀದಿಯ ತುಂಬ ಬಣ್ಣದ ದೀಪದ ಸರ. ಮಾತಾಡಿದವರ ಬಾಯಿಂದೆಲ್ಲ ಹೊಗೆ. ಊಟದ ಮನೆಗಳ ಗಾಜು ಒಳಗಿನ ಉಸಿರಿಗೆ ಮಂಜಾಗಿತ್ತು. ಹೊರಗೆ ಜನ ಕೈ ಉಜ್ಜಿಕೊಳ್ಳುತ್ತ, ಕಾಲು ಕುಟ್ಟುತ್ತ, ಒಳಗಿರುವವರು ಯಾವಾಗ ಏಳುತ್ತಾರೋ ಎಂದು ಕಾಯುತ್ತಿದ್ದರು.

ಮಗ ಮೊದಲೇ ಜಾಗ ಹಿಡಿಸಿದ್ದ ಹೋಟೆಲಿನ ಹೆಸರು 'ಅಜ್ಜನ ಒಲೆ'. ತೆರೆದು ಎರಡು ತಿಂಗಳಾಗಿರಬಹುದು, ಒಳಗೆ ನೋಡಿದರೆ ನೂರು ವರ್ಷದ ಮುಪ್ಪು. ಗೋಡೆಯ ಗಾರೆಯನ್ನು ಬೇಕೆಂದೇ ಕೆತ್ತಿ ಇಟ್ಟಿಗೆ ಕಾಣಿಸಿದ್ದರು. ಮೂಲೆಯಲ್ಲಿ ಉರಿಯದ ಲಾಂದ್ರ, ಹೊಲಿಯದ ಹೊಲಿಗೆ ಯಂತ್ರ, ಗೋಡೆಯ ಮೇಲೆ ಯಾರು ಯಾರದೋ ಮಸುಕು ಫೋಟೋಗಳು.

"ನಮ್ಮ ಅಟ್ಟದ ಸಾಮಾನೆಲ್ಲ ನಮಗಿಂತ ಮೊದ್ಲೇ ಬಂದು ಕೂತ್ಬಿಟ್ಟಿದೆಯಲ್ಲ ಅತ್ತಿಗೆ!" ಎಂದ ಮೈದುನ. "ಇನ್ನು ಸ್ವಲ್ಪ ಹೊತ್ತು ಕೂತ್ರೆ ನನಗೂ ಒಂದು ಮೊಳೆ ಹೊಡೆದು ನೇತುಹಾಕ್ತಾರೆ."

"ನಿನ್ನ ಭಾರ ತಡೆಯೋ ಮೊಳೆ ಇನ್ನೂ ಹುಟ್ಟಿಲ್ಲ" ಎಂದಳು ಅಜ್ಜಿ. ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗೆ ಕಂಡು ಸೊಸೆಗೆ ಸಮಾಧಾನವಾಯಿತು.

ಬಿಸಿ ಸೂಪು ಬಂತು, ಬ್ರೆಡ್ಡು ಬಂತು. ಅಜ್ಜಿ ಎಂದಿನಂತೆ ಕೈಜೋಡಿಸಿ ಕಣ್ಣು ಮುಚ್ಚಿ, ಈ ಅನ್ನ ಕೊಟ್ಟವನಿಗೆ ಮನಸ್ಸಿನಲ್ಲೇ ವಂದಿಸಿದಳು. ಕಣ್ಣು ತೆರೆದಾಗ ದೃಷ್ಟಿ ನೇರವಾಗಿ ಹಣ ತೆಗೆದುಕೊಳ್ಳುವ ಕಟ್ಟೆಯ ಮೇಲಿನ ಗೋಡೆಗೆ ಹೋಯಿತು. ಅಲ್ಲಿ, ಪುಟ್ಟ ದೀಪದ ಬೆಳಕಿನಲ್ಲಿ, ಅಗಲ ಅಂಚಿನ ಚೌಕಟ್ಟಿನೊಳಗೆ ಅವಳ ಗಂಡ ಕೂತಿದ್ದರು. ಕೆಳಗೆ ದಪ್ಪ ಅಕ್ಷರ: 'ನಮ್ಮ ಅಜ್ಜ. ಮೊದಲ ಒಲೆ ಹಚ್ಚಿದವರು.'

ಅಜ್ಜಿ ಎತ್ತಿಕೊಂಡ ಚಮಚ ಕೆಳಗಿಟ್ಟಳು.

ಆ ಫೋಟೋ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಜೋಡಿ ಫೋಟೋ. ಅವರು ಕುರ್ಚಿಯಲ್ಲಿ, ಇವಳು ಪಕ್ಕದಲ್ಲಿ ನಿಂತು. ಗಂಡ ತೀರಿಕೊಂಡಾಗ ಮನೆಯಲ್ಲಿಡಲು ಅವರೊಬ್ಬರದೇ ಫೋಟೋ ಒಂದೂ ಇರಲಿಲ್ಲ. ಮಗ ಈ ಜೋಡಿ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು, ಅಪ್ಪನನ್ನು ಮಾತ್ರ ಬೇರ್ಪಡಿಸಿ ದೊಡ್ಡದು ಮಾಡಿಸಿ ತಂದಿದ್ದ. ಮನೆಯ ಗೋಡೆಯಲ್ಲಿರುವುದು ಅದೇ. ಅದರಲ್ಲಿ ಭುಜ ಒಂಟಿ, ನುಣ್ಣಗೆ ಬಣ್ಣ ಬಳಿದ ಭುಜ. "ಹಳೇದೆಲ್ಲಿ ಮಗಾ?" ಎಂದು ಅಜ್ಜಿ ಕೇಳಿದಾಗೆಲ್ಲ ಮಗ "ಬೀರುವಿನಲ್ಲಿ ಭದ್ರವಾಗಿದೆ, ನಾಳೆ ತೆಗೆದುಕೊಡ್ತೀನಮ್ಮ" ಎನ್ನುತ್ತಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ.

"ಅದು ನಿಮ್ಮಪ್ಪ" ಎಂದಳು.

ಮಗ ತಿರುಗಿ ನೋಡಿದ. ಕಿವಿ ಕೆಂಪಾಯಿತು. "ಯಾರೋ ಹಾಗೇ ಇರೋರು ಇರ್ತಾರಮ್ಮ. ಸೂಪು ಆರಿಹೋಗುತ್ತೆ."

ಅಷ್ಟರಲ್ಲಿ ಬಡಿಸುವ ಹುಡುಗಿ ಬಂದಳು. ಅಜ್ಜಿ ಆ ಕಡೆ ನೋಡುತ್ತಿದ್ದುದನ್ನು ಕಂಡು, ಉರು ಹೊಡೆದ ಪಾಠ ಒಪ್ಪಿಸುವಂತೆ ನಗುನಗುತ್ತ ಹೇಳಿದಳು: "ಅವರು ನಮ್ಮ ಮಾಲೀಕರ ಅಜ್ಜ. ಹಡಗಿನಲ್ಲಿ ಅಡುಗೆಯವರಾಗಿದ್ರು. ಈ ಸೂಪು ಅವರದೇ ಕೈಗುಣ. ಅವರನ್ನ ನೋಡಿ ಲೋಟ ಎತ್ತಿ ಕುಡಿದ್ರೆ ವರ್ಷವೆಲ್ಲ ಒಳ್ಳೇದಾಗುತ್ತೆ ಅಂತ ಇಲ್ಲಿ ನಂಬಿಕೆ."

ಅವಳ ಮಾತಿಗೆ ಸಾಕ್ಷಿ ನುಡಿದಂತೆ ಪಕ್ಕದ ಮೇಜಿನವರು ಮದ್ಯದ ಲೋಟಗಳನ್ನು ಮೇಲೆತ್ತಿ "ಅಜ್ಜನಿಗೆ!" ಎಂದು ಕೂಗಿದರು.

ಮೈದುನ ಬ್ರೆಡ್ಡು ಬಾಯಿಗಿಡುತ್ತಿದ್ದವನು ಅಲ್ಲೇ ತಡೆದ. "ನಮ್ಮಣ್ಣನಾ? ಹಾಲು ಕಾಯಿಸೋಕೆ ಇಟ್ರೆ ಪಾತ್ರೆನೇ ಕಳ್ಕೊಂಡವನು! ಹಡಗೆಲ್ಲಿ ಬಂತು, ಅವನು ಕೆರೆ ಕಂಡ್ರೂ ತಲೆ ಸುತ್ತಿ ಕೂರ್ತಿದ್ದ."

ಅಜ್ಜಿಗೆ ನಗು ಬರಲಿಲ್ಲ. ಅವಳ ಗಂಡನದು ತಕ್ಕಡಿ ರಿಪೇರಿಯ ಕಸುಬು. ಪೇಟೆಯ ಅಂಗಡಿಗಳ, ಊಟದ ಮನೆಗಳ ತಕ್ಕಡಿಯೆಲ್ಲ ಅವರ ಕೈಯಲ್ಲಿ ನೇರವಾಗಬೇಕು. ಜನ ಅವರನ್ನು ಕರೆಯುತ್ತಿದ್ದುದೇ 'ತಕ್ಕಡಿಯವರು' ಎಂದು. ತಕ್ಕಡಿ ಮುಟ್ಟಿದ ಮನೆಯಲ್ಲಿ ಅವರು ನೀರು ಕೂಡ ಮುಟ್ಟುತ್ತಿರಲಿಲ್ಲ. "ಅವರ ಅನ್ನ ಉಂಡ್ಮೇಲೆ ಮುಳ್ಳು ನೆಟ್ಟಗೆ ಕಾಣೋದಿಲ್ಲ ಕಣೇ" ಎನ್ನುತ್ತಿದ್ದರು. ಹೀಗೆ ಬಾಳಿದವರನ್ನು ಸುಳ್ಳು ತೂಗುವುದಕ್ಕೆ ಗೋಡೆಗೇರಿಸಿದ್ದಾರೆ! ಮದ್ಯದ ಲೋಟ ಎತ್ತುವವರಿಗೆ ಇವರು ಶಕುನ! ಅಜ್ಜಿಯ ಮೈಯೆಲ್ಲ ಉರಿದುಹೋಯಿತು.

ಎದ್ದು ನೇರವಾಗಿ ಕಟ್ಟೆಯ ಬಳಿ ಹೋದಳು. ಅಲ್ಲಿದ್ದ ಮ್ಯಾನೇಜರು ಇಸ್ತ್ರಿ ಮಾಡಿದಂಥ ನಗೆ ನಕ್ಕ.

"ಏನು ಬೇಕಿತ್ತಮ್ಮ?"

"ನನ್ನ ಗಂಡ ಬೇಕಿತ್ತಪ್ಪ. ಇಳಿಸಿಕೊಡು."

ವಿಷಯ ತಿಳಿದ ಮೇಲೂ ಅವನ ನಗೆಯ ಮಡಿಕೆ ಕೆಡಲಿಲ್ಲ. "ಹಳೇ ಫೋಟೋದಲ್ಲಿ ಎಲ್ರೂ ಒಂದೇ ಥರ ಕಾಣ್ತಾರಮ್ಮ. ಹೋಗಿ ಕೂತ್ಕೊಳ್ಳಿ, ನಮ್ಮ ಕಡೆಯಿಂದ ಒಂದು ಕೇಕು ಕಳಿಸ್ತೀನಿ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ ಅಂತಾರೆ. ನೀನು ಕೇಕು ಕೊಡ್ತೀಯಾ?" ಅಜ್ಜಿ ಬೆರಳೆತ್ತಿ ತೋರಿಸಿದಳು. "ನಿಮ್ಮ ಹಡಗಿನ ಅಜ್ಜನ ಭುಜದ ಮೇಲೆ ಒಂದು ಕೈ ಇದೆಯಲ್ಲ, ಅದು ಯಾರದು?"

ಮ್ಯಾನೇಜರು ತಲೆಯೆತ್ತಿ ನೋಡಿದ. ದಿನಾ ಅದರ ಕೆಳಗೆ ನಿಲ್ಲುವವನು ಅದನ್ನು ಆವತ್ತೇ ಮೊದಲು ಕಂಡಂತಿತ್ತು. ಚೌಕಟ್ಟಿನ ಅಂಚಿನಿಂದ ಒಂದು ಹೆಣ್ಣಿನ ಕೈ ಬಂದು ಭುಜದ ಮೇಲೆ ಕೂತಿತ್ತು, ಮಣಿಕಟ್ಟಿನವರೆಗೆ ಮಾತ್ರ. ನಡುಬೆರಳು ಸೊಟ್ಟ.

ಅಜ್ಜಿ ತನ್ನ ಬಲಗೈಯನ್ನು ಕಟ್ಟೆಯ ಮೇಲೆ ದೀಪದ ಬೆಳಕಿಗೆ ಚಾಚಿದಳು. ಮದುವೆಯಾದ ವರ್ಷ ಕಬ್ಬಿಣದ ತೂಕದ ಕಲ್ಲು ಬಿದ್ದು ಮುರಿದ ಬೆರಳು, ಅಂದಿನಿಂದ ನೆಟ್ಟಗಾಗಿರಲಿಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನೋಡ್ಕೋ."

ನಗೆ ಈಗ ಕೆಟ್ಟಿತು. "ನೋಡಿ, ಇವನ್ನೆಲ್ಲ ನಾವು ಕದ್ದು ತಂದಿಲ್ಲ. ಒಂದು ಹಳೇ ಸ್ಟುಡಿಯೋ ಮುಚ್ಚಿತು, ಯಾರೂ ಕೇಳ್ಕೊಂಡು ಬರದೇ ಇದ್ದ ಫೋಟೋನೆಲ್ಲ ಮೂಟೆ ಕಟ್ಟಿ ಮಾರಿದ್ರು. ದಿಕ್ಕಿಲ್ಲದ ಫೋಟೋಗಳಮ್ಮ ಇವು."

ಮಗ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ. ಅಜ್ಜಿ ನಿಧಾನವಾಗಿ ಅವನತ್ತ ತಿರುಗಿದಳು.

"ಬೀರುವಿನಲ್ಲಿ ಭದ್ರವಾಗಿದೆ ಅಂದೆ."

"ಸ್ಟುಡಿಯೋದಲ್ಲೇ ಉಳಿದಿತ್ತಮ್ಮ. ನಾಳೆ ತರೋಣ, ನಾಳೆ ತರೋಣ ಅಂತ... ಹೋದಾಗ ಬಾಗಿಲು ಹಾಕಿತ್ತು. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ."

"ದಿಕ್ಕಿಲ್ಲದ್ದು ಅಂತ ಇವನು ಹೇಳ್ತಾನೆ. ದಿಕ್ಕು ಇಲ್ಲೇ ನಿಂತಿದೆ, ಕೋಟು ಹಾಕ್ಕೊಂಡು."

ಮಗ ತಲೆ ತಗ್ಗಿಸಿದ. "ಎಲ್ಲರೂ ನೋಡ್ತಿದಾರೆ, ಮನೆಗೆ ಹೋಗಿ ಮಾತಾಡೋಣಮ್ಮ" ಎಂದು ಪಿಸುಗುಟ್ಟಿದ. ಅಜ್ಜಿ ಎಲ್ಲರ ಕಡೆ ನೋಡಿದಳು. ಆಗಲೇ ಅವಳಿಗೆ ಇನ್ನೊಂದು ಕಂಡದ್ದು. ಪಕ್ಕದ ಮೇಜಿನ ದಪ್ಪ ಮೀಸೆಯವನೊಬ್ಬ ಮೀಸೆಗಂಟಿದ ಎಣ್ಣೆಯನ್ನು ಕಾಗದದಿಂದ ಒರೆಸಿಕೊಳ್ಳುತ್ತಿದ್ದ. ಕಾಗದದ ಮೇಲೆ ಗಂಡನ ಮುಖ ಅಚ್ಚಾಗಿತ್ತು. ಪ್ರತಿ ಮೇಜಿನ ಮೇಲೂ ಅದೇ ಮುಖ, ಮಡಿಲುಗಳಲ್ಲಿ, ತಟ್ಟೆಗಳ ಕೆಳಗೆ, ಮುದುರಿ ನೆಲದ ಮೇಲೆ. ಒಂದರ ಮೇಲೆ ಯಾರದೋ ಬೂಟಿನ ಗುರುತಿತ್ತು.

ಅಜ್ಜಿ ಮೊದಲು ಅದನ್ನೇ ಎತ್ತಿಕೊಂಡಳು. ಸೆರಗಿನಿಂದ ಒರೆಸಿ ಮಡಚಿದಳು. ಆಮೇಲೆ ಮೀಸೆಯವನ ಮುಂದೆ ಕೈ ಚಾಚಿದಳು.

"ಕೊಡಪ್ಪ."

"ಅಯ್ಯೋ, ನಾನಿನ್ನೂ ಊಟ ಮಾಡ್ತಿದೀನಮ್ಮ!"

"ಮಾಡು, ನಿನ್ನ ಅನ್ನ ನಿನಗೆ. ಬಾಯಿ ಒರೆಸ್ಕೊಳ್ಳೋಕೆ ನನ್ನ ಗಂಡನ ಮುಖ ಯಾಕೆ? ನಿನಗೆ ಕೈಯಿಲ್ವಾ?"

ಅವನು ಕೊಟ್ಟ. ಅಜ್ಜಿ ಮುಂದಿನ ಮೇಜಿಗೆ ಹೋದಳು. ಒಬ್ಬ ತರುಣ ನಕ್ಕ; ಜೊತೆಗಿದ್ದವಳು ಅವನ ಕಾಲು ತುಳಿದಿರಬೇಕು, ನಗು ಅರ್ಧಕ್ಕೇ ಮುರಿಯಿತು. ಒಬ್ಬ ತಾಯಿ ಮಗುವಿನ ಕೊರಳಿಗೆ ಸಿಕ್ಕಿಸಿದ್ದನ್ನು ತಾನೇ ಬಿಡಿಸಿ, ಮಡಚಿ, ಎರಡು ಕೈಯಲ್ಲಿ ಹಿಡಿದು ಕೊಟ್ಟಳು. ಒಂದೊಂದಾಗಿ ಮೇಜುಗಳ ಮಾತು ನಿಂತಿತು. ಅಡುಗೆಮನೆಯ ಪಾತ್ರೆ ಸದ್ದು ಮಾತ್ರ ಕೇಳುತ್ತಿತ್ತು. ಅಜ್ಜಿ ಅವಸರ ಮಾಡಲಿಲ್ಲ, ಅಳಲಿಲ್ಲ. ಹೊಲದಲ್ಲಿ ಉದುರಿದ ತೆನೆ ಆಯುವವಳಂತೆ ಬಗ್ಗಿ ಬಗ್ಗಿ ಆರಿಸಿಕೊಳ್ಳುತ್ತ ಹೋದಳು.

"ಇದೆಲ್ಲ ಸರಿಯಿಲ್ಲ. ನಾನು ಪೊಲೀಸರನ್ನ ಕರೀಬೇಕಾಗುತ್ತೆ" ಎಂದ ಮ್ಯಾನೇಜರು.

ಸೊಸೆ ಅಲ್ಲಿಯತನಕ ಕೂತಲ್ಲೇ ಇದ್ದಳು. ಸೊಂಟ ಹಿಡಿದುಕೊಂಡು ಎದ್ದಳು. ಆಸ್ಪತ್ರೆಯ ಸಾಲುಮಂಚಗಳ ಆಚೆ ತುದಿಗೂ ಕೇಳುವಂಥ ದನಿ ಅವಳದು. "ಕರೀರಿ, ಬೇಗ ಕರೀರಿ. ಹಡಗಿನ ಕಥೆನೂ ಅವರ ಮುಂದೆ ಹೇಳಿ. ಸತ್ತೋರ ಹೆಸರು ಅಳಿಸಿ ನಿಮ್ಮಜ್ಜ ಅಂತ ಬರೆಯೋಕೆ ಯಾವ ಕಾನೂನಿದೆ ಅಂತ ನಾವೂ ಕೇಳ್ಕೊಳ್ತೀವಿ." ಮತ್ತೆ ಗಂಡನ ಕಡೆ ತಿರುಗಿದಳು. "ನೀವೇನು ಕಂಬ ನಿಂತ ಹಾಗೆ ನಿಂತಿದೀರಿ? ಕುರ್ಚಿ ಅಲ್ಲಿದೆ."

ಮಗ ಕುರ್ಚಿ ಎಳೆದ. ಬೂಟು ಬಿಚ್ಚಿ ಹತ್ತಿದ. ಎಲ್ಲರೂ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟಿದ್ದ. ಚೌಕಟ್ಟನ್ನು ಇಳಿಸಿ ತಂದು ತಾಯಿಯ ಮುಂದಿಟ್ಟ. ಮ್ಯಾನೇಜರು ಒಂದು ಹೆಜ್ಜೆ ಮುಂದೆ ಬಂದವನು, ಮೇಜುಗಳ ಮುಖ ನೋಡಿ, ಎರಡು ಹೆಜ್ಜೆ ಹಿಂದೆ ಹೋದ.

ಮೈದುನ ಬೆಣ್ಣೆಯ ಚಾಕುವಿನಿಂದ ಹಿಂದಿನ ರಟ್ಟನ್ನು ಎಬ್ಬಿಸಿದ. ಅಜ್ಜಿ ಬಗ್ಗಿ ನೋಡಿದಳು. ತನ್ನ ಅರ್ಧವನ್ನು ಕತ್ತರಿಸಿ ಯಾವ ತಿಪ್ಪೆಗೆ ಎಸೆದಿದ್ದಾರೋ ಎಂದುಕೊಂಡಿದ್ದಳು. ಕತ್ತರಿಸಿರಲಿಲ್ಲ. ಚೌಕಟ್ಟಿಗೆ ಹೊಂದಲೆಂದು ಮಣಿಕಟ್ಟಿನ ಹತ್ತಿರ ಮಡಚಿ ಹಿಂದಕ್ಕೆ ಸೇರಿಸಿದ್ದರು. ಮೈದುನ ಬಿಡಿಸಿದ. ಎಣ್ಣೆ ಹಚ್ಚಿ ತಲೆ ಬಾಚಿದ ಎಳೆಯ ಹೆಂಗಸೊಬ್ಬಳು, ನಗಬೇಡ ಎಂದು ಯಾರೋ ಗದರಿಸಿದಂತೆ ತುಟಿ ಬಿಗಿಹಿಡಿದು ನಿಂತಿದ್ದಳು.

"ಇಷ್ಟು ದಿನ ಇವರ ಬೆನ್ನ ಹಿಂದೆ ಗೋಡೆ ನೋಡ್ಕೊಂಡು ನಿಂತಿದ್ದೆ ಅನ್ನು" ಎಂದಳು ಅಜ್ಜಿ. ಫೋಟೋವನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಾಗಿಲಿಗೆ ನಡೆದಳು.

"ಸೂಪು ಹಾಗೇ ಇದೆ ಅತ್ತಿಗೆ..." ಎಂದ ಮೈದುನ.

"ನೀನು ಉಂಡು ಬಾ."

ಅವನು ಸೂಪನ್ನೂ ಬಾಗಿಲನ್ನೂ ನೋಡಿದ. "ಅಣ್ಣ ಇದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ದ" ಎಂದು ಗೊಣಗಿ ಕೋಟು ಹುಡುಕಿಕೊಂಡ. ಹೊರಗೆ ಚಳಿಯಲ್ಲಿ ಸಾಲು ನಿಂತಿದ್ದವರು ನಾಲ್ಕು ಜಾಗ ಖಾಲಿಯಾಯಿತೆಂದು ಸಂತೋಷದಿಂದ ಮುಂದೆ ಸರಿದರು.

ಮನೆಗೆ ಬಂದು ಸೊಸೆ ಆಲೂಗಡ್ಡೆ ಬೇಯಿಸಲು ನೀರಿಟ್ಟಳು. ಮೈದುನ ಯಾರೂ ಹೇಳದೆ ಸಿಪ್ಪೆ ಸುಲಿಯಲು ಕೂತ. ಅಜ್ಜಿ ಗೋಡೆಯ ಮೇಲಿದ್ದ ದೊಡ್ಡ ಫೋಟೋವನ್ನು, ಆ ಬಣ್ಣ ಬಳಿದ ಭುಜವನ್ನು, ಸ್ವಲ್ಪ ಹೊತ್ತು ನೋಡಿದಳು.

"ಇದನ್ನ ಇಳಿಸು" ಎಂದಳು ಮಗನಿಗೆ. "ಈ ಭುಜ ಅವರದಲ್ಲ."

"ಎಲ್ಲಿಡ್ಲಿ ಅಮ್ಮ?"

"ನಿನ್ನ ಮಂಚದೆದುರಿಗೆ. ಎದ್ದಾಗೆಲ್ಲ ನೋಡು, ಅಲ್ಲಿಂದ ಏನು ಅಳಿಸಿದೆ ಅಂತ ನೆನಪಾಗ್ಲಿ." ಸೆರಗಿನ ಗಂಟು ಬಿಚ್ಚಿ ಕಾಗದದ ಕಟ್ಟನ್ನು ಅವನ ಕೈಗೆ ಹಾಕಿದಳು. "ಇವೂ ನಿನಗೇ. ಇಷ್ಟು ಜನ ಗಂಡಂದಿರನ್ನ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ಒಬ್ಬರು ಸಾಕು."

ಮಗ ಹಳೆಯ ಮೊಳೆಯನ್ನು ಕಿತ್ತು, ಗಟ್ಟಿ ಜಾಗ ನೋಡಿ ಹೊಸ ಮೊಳೆ ಹೊಡೆದು ಜೋಡಿ ಫೋಟೋವನ್ನು ರಟ್ಟಿಗೆ ಕೂರಿಸಿ ತೂಗುಹಾಕಿದ. ಮಣಿಕಟ್ಟಿನ ಬಳಿ ಮಡಿಕೆಯ ಬಿಳಿ ಗೆರೆ ಉಳಿದೇ ಇತ್ತು.

ಆಲೂಗಡ್ಡೆ ಬೆಂದಿತು. ಉಪ್ಪು, ಬೆಣ್ಣೆ ಹಾಕಿ ಸೊಸೆ ಮೇಜಿನ ಮೇಲಿಟ್ಟಳು. ನಾಲ್ಕು ಜನ ಕೂತರು. ಅಜ್ಜಿ ಕೈಜೋಡಿಸಿದಳು. ಅನ್ನ ಕೊಟ್ಟವನಿಗೆ ವಂದಿಸಿದಳು. ಬೇಯಿಸಿದ ಕೈ ತಂಪಾಗಿರಲಿ ಎಂದಳು. ಅದಾದ ಮೇಲೆ, ತಪ್ಪು ಮಾಡಿದವರನ್ನು ನಾನು ಮನ್ನಿಸಿದ್ದೇನೆ ಎಂದು ದಿನವೂ ಹೇಳುವ ಮಾತು ಬರಬೇಕಿತ್ತು. ನಾಲಿಗೆ ಅಲ್ಲಿಗೆ ಬಂದು ನಿಂತಿತು. ಎದುರಿಗೆ ಮಗ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಅವನಿಗೂ ಆ ಪ್ರಾರ್ಥನೆ ಚಿಕ್ಕಂದಿನಿಂದ ಬಾಯಿಪಾಠ.

"ಅದೊಂದು ನಾಳೆ ಹೇಳ್ತೀನಪ್ಪ ದೇವರೇ" ಎಂದಳು ಅಜ್ಜಿ ಗಟ್ಟಿಯಾಗಿ. "ಊಟ ಮಾಡಿ, ಆರುತ್ತೆ."