ಬೆಂಜೋ ಪಾರ್ಟಿಗೆ ಸಿಕ್ಕ ಮದುಮಗ

ಮೂರನೆಯ ಸಲವೂ ಆ ಬಾಗಿಲ ಮುಂದೆ ಬಂದ ಕೂಡಲೇ ಬೆಂಜೋ ನಿಂತಿತು. ಮಾಳಸಿದ್ದ ಕಾಕಾನ ಕ್ಲಾರ್ನೆಟ್ ಅರ್ಧ ಉಸಿರಿನಲ್ಲೇ ನಿಂತಿತು. ಹಾಡಲು ತೆರೆದ ಬಾಯನ್ನು ಸಾರಿಕಾ ಹಾಗೇ ಮುಚ್ಚಿದಳು.

"ಮತ್ಯಾಕ ನಿಂತ್ರಿ?" ನಿರ್ದೇಶಕ ಶ್ರೀಪಾಲ ತಲೆ ಹಿಡಿದುಕೊಂಡ.

"ನಾವ್ ನಿಂತಿಲ್ರಿ ಸರ, ಕೈ ತಾನ ನಿಲ್ತೈತಿ. ಸತ್ತವರ ಮನಿ ಮುಂದ ಮದಿವಿ ಹಾಡ ಬಾರಿಸಿದವರಲ್ಲ ನಾವು," ಎಂದ ಕಾಕಾ.

"ಯಾರ್ ಸತ್ತಾರ್ರಿ? ಅದು ಪ್ಲೈವುಡ್ಡಿನ ಮನಿ."

ಶ್ರೀಪಾಲನ ಕತೆಯಲ್ಲಿ, ಮದುವೆ ಮೆರವಣಿಗೆಗೆ ಬಾರಿಸುವ ಕಬ್ಬೂರಿನ ಬೆಂಜೋ ಪಾರ್ಟಿಯೊಂದು ಟೆಂಪೋದಲ್ಲಿ ನಿದ್ದೆಹೋಗಿ, ಕನಸಿನಲ್ಲಿ ಊರೂರು ಬಾರಿಸುತ್ತ ಕಳೆದುಹೋದ ಮದುಮಗನನ್ನು ಹುಡುಕುತ್ತದೆ. ನಿಪ್ಪಾಣಿಯಲ್ಲಿ ತಂಬಾಕಿನ ಮೋಡ ಸೀನುತ್ತದೆ, ರಾಯಬಾಗದಲ್ಲಿ ಎಮ್ಮೆಗಳು ಕುಣಿಯುತ್ತವೆ. ಸಿನಿಮಾ ಅಂಥದ್ದು; ಬಾರಿಸುವವರು ಮಾತ್ರ ನಿಜದ ಪಾರ್ಟಿಯವರೇ. ಉಗಾರ ಬುದ್ರುಕದ ಕಬ್ಬಿನ ನಡುವಿನ ಈ ಒಂಟಿ ಮನೆ ಕನಸಿನ ಕೊನೆಯ ಊರು. ಸೆಟ್ಟಿನವರು ಚೆಂದಕ್ಕೆಂದು ಬಾಗಿಲ ಬಳಿ ಕುರ್ಚಿಯ ಮೇಲೆ ಯಾರೋ ಮುದುಕನ ಫೋಟೋ ಇಟ್ಟು, ಹಾರ ಹಾಕಿ, ದೀಪ ಹಚ್ಚಿದ್ದರು.

ಸಾರಿಕಾಳ ಒಂದೇ ಒಂದು ಹಾಡು ಅಲ್ಲಿಂದಲೇ ಶುರುವಾಗಬೇಕು. ಹೊತ್ತು ಆಗಲೇ ಕಬ್ಬಿನ ಗರಿಗೆ ಇಳಿದಿತ್ತು.

"ಬೆಳಕ ಹೋತಂದ್ರ ನಿನ್ನ ಹಾಡ ಸಿನಿಮಾದಿಂದ ತಗದ ಬಿಡ್ತೀನ್ವಾ. ನಾಳೆ ಕ್ಯಾಮೆರಾ ವಾಪಸ್ ಹೋಗ್ತೈತಿ," ಎಂದ ಶ್ರೀಪಾಲ.

ಮದುವೆ ಮೆರವಣಿಗೆಗಳಲ್ಲಿ ಜನರೇಟರಿನ ಸದ್ದಿನ ಮೇಲೆ ಕೂಗಿ ಕೂಗಿ ಹಾಡಿದ ದನಿ ಅವಳದು. ಒಮ್ಮೆಯಾದರೂ ಜನ ಸುಮ್ಮನೆ ಕುಳಿತು ಕೇಳಲಿ ಎಂಬುದೊಂದೇ ಆಸೆ. ಅವಳ ಕಾಲ್ಬೆರಳುಗಳು ನೆಲ ಕೆರೆಯುತ್ತಲೇ ಇದ್ದವು.

"ಆ ಫೋಟೋ ಅಲ್ಲಿಂದ ತಗದ್ರ?" ಎಂದಳು.

"ಮುಂಜಾನಿಂದ ಎಲ್ಲಾ ಶಾಟಿನ್ಯಾಗೂ ಐತಲ್ಲ. ಈಗ ತಗದ್ರ ಹೊಂದೂದಿಲ್ಲ," ಎಂದ ಶ್ರೀಪಾಲ.

ಸಾರಿಕಾ ಹಿಂದಕ್ಕೆ ತಿರುಗಿದಳು. "ಕಾಕಾ, ಕಣ್ಣ ಮುಚ್ಚಿ ಬಾರಿಸ್ರಿ."

"ಕಣ್ಣ ಮುಚ್ಚಿದ್ರ ಈ ಬಾಜೂಕಿನ ಕಾಲುವಿಗಿ ಬೀಳ್ತೀನಿ ಬೇ."

ಮತ್ತೆ ಶುರುವಾಯಿತು. ಬಾಗಿಲು ಹತ್ತಿರವಾದಂತೆ ಹಿಂದಿನ ಡೋಲು ಸೋಲುವುದು ಅವಳ ಬೆನ್ನಿಗೇ ತಿಳಿಯಿತು. ಸಾಲು ಬಿಟ್ಟು ಓಡಿದಳು. ಕಾಕಾನ ತಲೆಯ ಗೊಂಡೆಯ ಟೊಪ್ಪಿಗೆಯನ್ನು ಕಿತ್ತು ಫೋಟೋದ ತಲೆಗೆ ಇಟ್ಟಳು. ಹಾರದ ಸಮೇತ ಅದನ್ನೆತ್ತಿ ಸೊಂಟಕ್ಕೆ ಒರಗಿಸಿಕೊಂಡಳು.

"ಏಳ್ರಿ ಅಜ್ಜಾರ. ಊರೆಲ್ಲಾ ಹುಡುಕಿದ್ವಿ, ಮದಿಮಗ ನೀವು ಇಲ್ಲಿ ಕುಂತೀರಿ."

ಕಾಕಾ ಬೋಳುತಲೆ ಸವರಿಕೊಂಡ. "ಹಲ್ಲಿಲ್ಲದ ಮದಿಮಗನಽ?"

"ಕನಸಿನ್ಯಾಗ ವಯಸ್ಸ ಯಾರ್ ಕೇಳ್ತಾರ್ರಿ? ಬಾರಿಸ್ರಿ."

ಅವನು ಮುದುಕನ ಮುಖವನ್ನು ಒಮ್ಮೆ ದಿಟ್ಟಿಸಿದ. ಮದುಮಗ ಎದ್ದು ಹೊರಟ ಮೇಲೆ ಅದು ಸತ್ತವರ ಮನೆಯಲ್ಲ. ಕ್ಲಾರ್ನೆಟ್ ಎತ್ತಿದ. ಡೋಲು ಹಿಂದೆಯೇ ಬಿತ್ತು.

ಸಾರಿಕಾ ಹಾಡಿದಳು. ಶಾಟ್ ಮುಗಿಯುವ ಗುರುತಿಗೆ ಎಳೆದಿದ್ದ ಸುಣ್ಣದ ಗೆರೆ ದಾಟಿದರೂ ಯಾರೂ ನಿಲ್ಲಲಿಲ್ಲ. ಮೆರವಣಿಗೆ ಕಬ್ಬಿನ ಓಣಿ ಹೊಕ್ಕಿತು. "ಕಟ್" ಅನ್ನಲು ಎತ್ತಿದ ಕೈಯನ್ನು ಶ್ರೀಪಾಲ ಹಾಗೇ ಇಳಿಸಿ, ಕ್ಯಾಮೆರಾದವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೆನ್ನು ಹತ್ತಿದ. ಬೈಕಿನ ಸದ್ದು ಹತ್ತಿರ ಬಂದರೂ, ಈ ಸಲ ದನಿಯನ್ನು ಏರಿಸದೆ, ಅವಳು ಎರಡನೆಯ ನುಡಿ ಎತ್ತಿಕೊಂಡಳು.