ಗ್ರಹಣದ ಹೊತ್ತಿನ ತುರಿಕೆ

ಹೆಂಚಿನ ತೂತಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಬೊಟ್ಟು ದುಂಡಗಿಲ್ಲ, ಯಾರೋ ಕಚ್ಚಿಟ್ಟ ಹಪ್ಪಳದ ಹಾಗಿದೆ, ಓ ಸೂರ್ಯನೇ ಒಳಗೆ ಬಂದುಬಿಟ್ಟ, ಅತ್ತೆ ಕಿಟಕಿಗೆ ಗೋಣಿ ಕಟ್ಟಿಸಿದ್ದೆಲ್ಲ ದಂಡ — ನಗಬಾರದು, ಅಲುಗಬಾರದು, ಎಂಬತ್ತನೇ ಇಸವಿಯಲ್ಲೂ ಬಸುರಿ ಗ್ರಹಣ ಬಿಡುವ ತನಕ ಕೋಲಿನ ಹಾಗೆ ಮಲಗಿರಬೇಕು, ಮೈ ತುರಿಸಲೇಬಾರದು, ಉಗುರು ತಾಗಿದಲ್ಲೆಲ್ಲ ಮಗುವಿಗೆ ಮಚ್ಚೆ, ಮತ್ತೆ ಈಗಲೇ, ಸರಿಯಾಗಿ ಈಗಲೇ ನನ್ನ ಕುತ್ತಿಗೆಯ ಮಚ್ಚೆ ತುರಿಸುತ್ತಿದೆ. ಕಾವಲಿಗೆ ಕೂತವಳು ನನ್ನ ಅವ್ವ, ತೀರ್ಥಹಳ್ಳಿಯಿಂದ ಕರೆಸಿದ್ದಾರೆ, ನೋಡಿ ಶೇಷಮ್ಮ, ಇವಳು ಹೊಟ್ಟೇಲಿದ್ದಾಗ ಗ್ರಹಣದ ದಿನ ನೀವು ಕೈ ಸುಮ್ನಿಟ್ಕಂಡಿದ್ರೆ ಇವಳ ಕುತ್ತಿಗೆ ಹಿಂಗಾಗ್ತಿತ್ತಾ, ಇವತ್ತಾದ್ರೂ ನೆಟ್ಟಗೆ ಕಾಯಿರಿ, ಅಂದರು ಅತ್ತೆ, ಆಳುಗಳ ಎದುರಿಗೇ, ಅವ್ವ ಹ್ಞೂಂ ಅಂದಳು, ಅವಳ ಬಲಗೈ ಮುಷ್ಟಿಯಾಯಿತು, ಹೆಬ್ಬೆರಳು ಒಳಗೆ, ಉಗುರು ಕಾಣದ ಹಾಗೆ — ಹುಟ್ಟಿದಾಗಿನಿಂದ ನೋಡುತ್ತಿರುವ ಮುಷ್ಟಿ, ನಾನು ಮೈನೆರೆದ ವರ್ಷ ಮಚ್ಚೆ ಕಪ್ಪಾಗಿ ಶಾಲೆಯ ಹುಡುಗಿಯರು ಏನೇ ಮಸಿಕುಡಿಕೆ ಅಂದಾಗಲೂ ಅದೇ, ನೋಡಲು ಬಂದವರು ಸೆರಗು ಸ್ವಲ್ಪ ಸರ್ಸಮ್ಮ ಅಂದಾಗಲೂ ಅದೇ.

ಮೊನ್ನೆ ಸಾಗರದ ಡಾಕ್ಟರಮ್ಮ, ಬಸುರಾದ ಮೇಲೆ ಇನ್ನೂ ಕಪ್ಪಾಯ್ತು ಅಂದರೆ ನಕ್ಕರು, ಮೈನೆರೆದಾಗಲೂ ಆಗಿತ್ತಲ್ಲ, ಎರಡೂ ಸಲ ಮೈಯಲ್ಲಿ ಹಾರ್ಮೋನು ಏರಿರುತ್ತೆ, ಕೆಲವು ಮಚ್ಚೆಗಳ ಜೀವಕೋಶದಲ್ಲಿ ಅದನ್ನ ಹಿಡಿಯೋ ಗ್ರಾಹಕಗಳಿರಬೇಕು ಅಂತ ಈಗೀಗ ಹುಡುಕ್ತಿದಾರೆ, ರಕ್ತದಲ್ಲಿ ಹಾರ್ಮೋನು ಕೂಗಿದ್ರೆ ಇವು ಓಗೊಡ್ತವೆ, ನಿಮ್ಮಮ್ಮ ಏನು ಮಾಡಿದ್ರು ಪಾಪ. ಓಗೊಡ್ತವೆ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡೆ, ಕಲೆಯಲ್ಲ ಇದು, ಕಿವಿ, ನನ್ನ ರಕ್ತದ ಮಾತಿಗೆ ಚರ್ಮದಲ್ಲೊಂದು ಕಿವಿ! ಅತ್ತೆ, ಆ ಡಾಕ್ಟ್ರಿಗೆ ಗ್ರಹಣ ಗೊತ್ತಾ ಅಂದರು, ನನ್ನ ಗಂಡ — ಹೊಸನಗರದ ಓದುಗರ ಕೂಟದಲ್ಲಿ ಮೂಢನಂಬಿಕೆ ಸುಡಿ ಎಂದು ಮೇಜು ಗುದ್ದುವವರು — ಇದೊಂದಿನ ಮಲ್ಗು ಮಾರಾಯ್ತಿ ಎಂದು ತಾವೂ ತಮ್ಮ ಕೋಣೆ ಸೇರಿ ಅಗುಳಿ ಹಾಕಿಕೊಂಡರು, ಥೂ, ಆಕಾಶದಲ್ಲಿ ನೆರಳು ಬಿದ್ದರೆ ನೆಲದ ಮೇಲೆ ಒಬ್ಬ ಹೆಂಗಸಿನ ಉಗುರಿಗೆ ಜೀವಾವಧಿ ಶಿಕ್ಷೆ, ಎಂಥ ನ್ಯಾಯ ಇದು, ಯಾರು ಕೂತು ಬರೆದದ್ದು — ಬಿಸಿಲಿನ ಬೊಟ್ಟು ಸವೆದಿದೆ, ಕತ್ತರಿಸಿದ ಉಗುರಿನ ಚೂರಿನಷ್ಟು, ಅವ್ವಾ ತುರಿಸ್ತಿದೆ, ಬ್ಯಾಡ ಮಗ, ತಡ್ಕ, ನಾ ತಡ್ಕಳಲ್ಲ ಅವ್ವ, ಡಾಕ್ಟರಮ್ಮ ಅಂದಿದ್ದು ಕೇಳು, ಎಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ಅವ್ವ ಹತ್ತಿರ ಸರಿಯುತ್ತಾಳೆ, ಹಂಗಾರೆ ನಾ ಅಲ್ಲನೇ? ನೀ ಅಲ್ಲ ಅವ್ವ. ನಾ ಆವತ್ತು ತುರಿಸ್ಕಳ್ಳೇ ಇಲ್ಲ ಕಣೇ, ಹಲ್ಲುಕಚ್ಚಿ ತಡ್ಕಂಡಿದ್ದೆ, ಯಾರೂ ನಂಬ್ಲಿಲ್ಲ, ಕಡಿಗೆ ನಾನೂ ನಂಬ್ಲಿಲ್ಲ — ಬೊಟ್ಟು ಆರಿತು, ಕತ್ತಲು, ನಾನು ಕೈ ಎತ್ತುವ ಮೊದಲೇ ಕುತ್ತಿಗೆಗೆ ಏನೋ ತಾಗುತ್ತಿದೆ, ಮುಷ್ಟಿ, ಬಿಚ್ಚುತ್ತಿದೆ, ಹೆಬ್ಬೆರಳು ಹೊರಗೆ, ಮಚ್ಚೆಯ ಮೇಲೆ, ಕರಕರ, ಇನ್ನೂ ಜೋರಾಗಿ, ಉಗುರು, ಅವ್ವನ ಉಗುರು