ನಾಲ್ಕು ಬಾಂಡಲಿ ಹೊಸ ಮಣ್ಣು

"ಕೈಗೆ ಲಕ್ವ ಹೊಡ್ದಿದ್ಯೇನೋ? ಬೇಗ ಎಳಿಯೋ ಬೋಳಿಮಗನೆ, ಸಾಹೇಬ್ರು ಬರೋ ಹೊತ್ತಾಯ್ತು!"

ಮೇಸ್ತ್ರಿ ದಂಡೆಯ ಮೇಲಿಂದ ಕೂಗುತ್ತಿದ್ದ. ನಾನು ಗುಂಡಿಯೊಳಗೆ ನಿಂತು, ಹಳೆಯ ಮಣ್ಣಿನ ಮೇಲೆ ಹೊಸದನ್ನು ಸಲಿಕೆಯಿಂದ ತೆಳ್ಳಗೆ ಹರಡುತ್ತಿದ್ದೆ.

ಕುಡಿಯುವ ನೀರನ್ನು ತಿಳಿಗೊಳಿಸುವ ತೊಟ್ಟಿಗಳಲ್ಲಿ ಪಟಿಕದೊಂದಿಗೆ ತಳಕ್ಕಿಳಿಯುವ ಕೆಸರನ್ನು ಎತ್ತಿ ಒಣಗಿಸುವುದು ನಮ್ಮ ಕೆಲಸ. ಕೆರೆಯನ್ನು ಹಸಿರುಗಟ್ಟಿಸುವ ಗೊಬ್ಬರದ ರಂಜಕವನ್ನು ಹಿಡಿದಿಟ್ಟುಕೊಳ್ಳುವ ಗುಣ ಆ ಒಣಮಣ್ಣಿಗಿದೆ. ಹಾಗಾಗಿ ಊರ ಧಣಿಯ ಹೊಲಗಳ ಬಸಿನೀರು ಕೆರೆ ಸೇರುವಲ್ಲಿ ಗುಂಡಿ ತೋಡಿ ಅದನ್ನು ತುಂಬಿಸಿದ್ದರು. ಮೊದಲ ವರ್ಷ ಕೆರೆ ನಿಜಕ್ಕೂ ತಿಳಿಯಾಗಿತ್ತು. ಆದರೆ ಮಣ್ಣಿನ ಹೊಟ್ಟೆಯೂ ತುಂಬುತ್ತದೆ. ತುಂಬಿದ್ದನ್ನು ತೆಗೆದು ಹೊಸದು ಹಾಕಬೇಕು. ಮೇಸ್ತ್ರಿ ತೆಗೆಸಲಿಲ್ಲ. ಸರ್ಕಾರದ ಸಾಹೇಬರು ತಪಾಸಣೆಗೆ ಬರುವ ದಿನ ಮೇಲೆ ನಾಲ್ಕು ಬಾಂಡಲಿ ಹೊಸ ಮಣ್ಣು ಹರಡಿಸುತ್ತಿದ್ದ. "ಬಾಯಿ ಬಿಟ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ" ಎಂದಿದ್ದ. ನಾನು ಬಾಯಿ ಬಿಟ್ಟಿರಲಿಲ್ಲ.

ಅಕ್ಕನ ಗುಡಿಸಲು ಕೆರೆಯ ದಡದಲ್ಲೇ. ಹೋದ ವಾರ ಹಸಿರು ನೀರು ಕುಡಿದ ಅವಳ ಮೇಕೆ ಬಾಯಲ್ಲಿ ನೊರೆ ಕಾರಿ ಸತ್ತಿತು. ಹೂಳಲು ನಾನೇ ಗುಂಡಿ ತೋಡಿದೆ.

"ನೀನು ಅಲ್ಲೇ ದುಡೀತೀಯಲ್ಲೋ ತಮ್ಮಾ, ನೀರು ಯಾಕೆ ಹಿಂಗಾಯ್ತು?"

"ಬಿಸಿಲಿಗೆ ಕಣಕ್ಕಾ" ಎಂದೆ. ಅವಳು ಬಡಿಸಿದ್ದನ್ನು ಉಂಡು ಬಂದೆ.

ಸಾಹೇಬರು ಜೀಪಿನಿಂದಿಳಿದು, ಮೂಗಿಗೆ ಕರ್ಚೀಫು ಹಿಡಿದು ಗುಂಡಿಯೊಳಗೆ ಇಣುಕಿದರು. "ಚೆನ್ನಾಗಿಟ್ಟಿದೀರಿ" ಎಂದು ಫೈಲಿನಲ್ಲಿ ಬರೆದರು. ಆಮೇಲೆ ದಡದಲ್ಲಿ ಗುಂಪುಗೂಡಿದ್ದ ಗುಡಿಸಲಿನ ಹೆಂಗಸರ ಕಡೆ ತಿರುಗಿದರು.

"ಮಣ್ಣು ಸರಿಯಾಗೇ ಇದೆ. ಹಾಗಾದ್ರೆ ಕೆರೆ ಕೆಡಿಸ್ತಿರೋದು ನೀವೇ. ನಿಮ್ಮ ಸೋಪು, ನಿಮ್ಮ ಗಲೀಜು. ತಿಂಗಳೊಳಗೆ ಜಾಗ ಖಾಲಿ ಮಾಡಿ."

"ಒಂದು ಸೋಪನ್ನ ನಾಲ್ಕು ಮನೆಯವರು ಚೂರು ಮಾಡ್ಕೊಂಡು ಒಗೀತೀವಿ ಸ್ವಾಮಿ" ಎಂದಳು ಅಕ್ಕ. "ಇಡೀ ಕೆರೆ ಕೆಡಿಸೋಷ್ಟು ಸೋಪು ಹಚ್ಚಿದ್ರೆ ನನ್ನ ಸೀರೆ ಈ ಬಣ್ಣಕ್ಕಿರ್ತಿತ್ತಾ?"

ಹೆಂಗಸರು ಕಿಸಕ್ಕೆಂದರು. ಸಾಹೇಬರ ಮುಖ ಕೆಂಪಾಯಿತು.

"ನಾಲಿಗೆ ಬಿಗಿಹಿಡಿ. ಕೊಳಕು ಜನ!"

"ನಮ್ಮ ಮಾತು ಬೇಡ ಬಿಡಿ. ಗುಂಡೀಲಿ ನಿಂತಿರೋನು ನನ್ನ ತಮ್ಮ. ಅವನನ್ನೇ ಕೇಳಿ. ಅವನು ಸುಳ್ಳು ಹೇಳೋನಲ್ಲ."

ಎಲ್ಲರೂ ನನ್ನತ್ತ ನೋಡಿದರು. "ಹೇಳೋ, ಮಣ್ಣು ಹೊಸದು ತಾನೆ?" ಎಂದ ಮೇಸ್ತ್ರಿ.

ಸಲಿಕೆಯನ್ನು ನೆಟ್ಟಗೆ ಇಳಿಸಿ ಕಾಲಿನಿಂದ ಒತ್ತಿದೆ. ನಾಲ್ಕು ಬೆರಳು ಒಣಮಣ್ಣು, ಅದರ ಕೆಳಗೆ ಬರೀ ಕಪ್ಪು ಲೋಳೆ. ಒಂದು ಸಲಿಕೆ ತುಂಬ ಎತ್ತಿ ಸಾಹೇಬರ ತೆರೆದ ಫೈಲಿನ ಮೇಲೆ ಹಾಕಿದೆ.

"ಮೇಲಿಂದು ಇವತ್ತಿಂದು ಸ್ವಾಮಿ. ಕೆಳಗಿಂದು ಎರಡು ವರ್ಷದ್ದು. ಮುಚ್ಚಿದ್ದು ನಾನೇ. ನಾಲ್ಕು ಸಲ."

"ಏಯ್ ಸೂಳೆಮಗನೆ!" ಮೇಸ್ತ್ರಿ ನನ್ನ ಕುತ್ತಿಗೆಗೆ ಕೈಹಾಕಿದ. ಸಾಹೇಬರು ಫೈಲು ಕೊಡವಿ ಮುಚ್ಚಿದರು. "ನಾನು ಕಂಡಿದ್ದನ್ನ ಬರೆದಾಯ್ತು" ಎನ್ನುತ್ತ ಜೀಪು ಹತ್ತಿದರು.

"ನಾಲ್ಕು ಸಲಾನಾ?" ಎಂದಳು ಅಕ್ಕ.

ನಾನು ಮೇಸ್ತ್ರಿಯ ಕೈ ಕಿತ್ತೆಸೆದು ಮತ್ತೆ ಅಗೆಯತೊಡಗಿದೆ. ಅಕ್ಕ ಗುಂಡಿಗಿಳಿದು ಬಾಂಡಲಿ ಹಿಡಿದಳು. ತುಂಬಿಕೊಟ್ಟೆ. ಹೊತ್ತುಕೊಂಡು ಹೋಗಿ ಜೀಪಿನ ಮುಂದೆ ಸುರಿದಳು. ಉಳಿದ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಇಳಿದರು. ಡ್ರೈವರು ಒಂದೇ ಸಮನೆ ಹಾರ್ನು ಒತ್ತುತ್ತಿದ್ದ. ಮುಂದಿನ ಚಕ್ರ ಅರ್ಧ ಮುಚ್ಚುವವರೆಗೂ ಅಕ್ಕ ಖಾಲಿ ಬಾಂಡಲಿ ತಂದು ಒಡ್ಡುತ್ತಲೇ ಇದ್ದಳು, ಒಂದು ಸಲವೂ ನನ್ನ ಮುಖ ನೋಡದೆ.